ಬುರುಲ್ಚಾ ಎಜೆಯ ಅರ್ಧ ಬಟ್ಟಲು

ಸುಮಾರು ಒಂದು ವರ್ಷ ನಾನು ಬುರುಲ್ಚಾ ಎಜೆಯನ್ನು ನೆನೆದು ಮರುಗಿದ್ದೇನೆ. ನಮ್ಮ ಬೆಟ್ಟದ ಮಾತಿನಲ್ಲಿ ಎಜೆ ಎಂದರೆ ಅಕ್ಕ. ಅವರು ಹಳ್ಳಿಹಳ್ಳಿ ತಿರುಗಿ ತುಂಬಿಸಿ ತರುತ್ತಿದ್ದ ಫಾರಂಗಳ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಪುಟ್ಟ ಚಹಾ ಬಟ್ಟಲು ಇರುತ್ತಿತ್ತು. ಬಟ್ಟಲೊಳಗೆ ಒಂದು ಅಡ್ಡಗೆರೆ. ಕೆಲವು ಫಾರಂಗಳಲ್ಲಿ ಗೆರೆ ನಡುವಿಗೆ, ಕೆಲವುಗಳಲ್ಲಿ ಅಂಚಿಗೆ. ಒಂದೆರಡರಲ್ಲಿ ಗೆರೆಯೇ ಇಲ್ಲದ ಖಾಲಿ ಬಟ್ಟಲು. ನಮ್ಮ ಆಸ್ಪತ್ರೆಯ ಅಧ್ಯಯನದ ನಿಯಮಾವಳಿಯ ಹದಿನಾಲ್ಕನೆಯ ನಿಯಮದಂತೆ, ಫಾರಂ ತುಂಬಿಸಲು ಹೋದವರು ಯಾರ ಮನೆಯಲ್ಲೂ ಏನನ್ನೂ ತಿನ್ನಬಾರದು, ಕುಡಿಯಬಾರದು. ಪಾಪ, ಎಜೆ ನಿಯಮಕ್ಕೆ ಕಟ್ಟುಬಿದ್ದು ಬಿಟ್ಟುಬಂದ ಚಹಾಗಳನ್ನು ನೆನಪಿಗಾಗಿ ಚಿತ್ರ ಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ನಂಬಿದ್ದೆ. ಮನಸ್ಸು ತಡೆಯದೆ ಹೊಸ ವರ್ಷಕ್ಕೆ ಒಂದು ದೊಡ್ಡ ಪೊಟ್ಟಣ ಚಹಾಪುಡಿಯನ್ನು ಕೊಟ್ಟೆ.

"ಇದ್ಯಾಕೆ ತಮ್ಮಾ?" ಎಂದರು.

"ನೀವು ಬಿಟ್ಟುಬಂದ ಚಹಾಗಳಿಗೆ ಎಜೆ."

"ಯಾವ ಚಹಾ ಬಿಟ್ಟುಬಂದೆ?"

ಎಂಥ ದೊಡ್ಡ ಮನಸ್ಸು, ಮಾಡಿದ ತ್ಯಾಗವನ್ನು ಬಾಯಲ್ಲಿ ಆಡಿಯೂ ತೋರಿಸುವುದಿಲ್ಲವಲ್ಲ ಎಂದುಕೊಂಡೆ.

ಆ ಹದಿನಾಲ್ಕನೆಯ ನಿಯಮವನ್ನು ಬರೆದವನು ನಾನೇ. ಹೆಸರು ಮೆದೆರ್; ಕೆಲಸ, ಅಂಕಿಸಂಖ್ಯೆ ನೋಡಿಕೊಳ್ಳುವುದು. ನಾರಿನ್ ಪ್ರಾಂತದ ಮನೋರೋಗ ಆಸ್ಪತ್ರೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಕೋಣೆ ನನ್ನದು, ಏಕೆಂದರೆ ಕಂಪ್ಯೂಟರಿಗೆ ಚಳಿ ಆಗಬಾರದು. ರಾಜಧಾನಿಯಲ್ಲಿ ಓದಿ ಬಂದವನಾದ್ದರಿಂದ, ಬೆಟ್ಟದ ಜನಕ್ಕೆ ನಿಯಮ ಎಂದರೇನು ಎಂದು ಕಲಿಸುವ ಹೊಣೆ ನನ್ನ ಮೇಲಿದೆ ಎಂದು ಆಗ ನನಗೆ ಅನಿಸುತ್ತಿತ್ತು.

ಅಧ್ಯಯನದ ಪ್ರಶ್ನೆ ಬಹಳ ಸರಳ. ನಮ್ಮಲ್ಲಿ ಗುಣವಾಗಿ ಮನೆಗೆ ಹೋದವರು ನಾಲ್ಕಾರು ತಿಂಗಳಲ್ಲಿ ಮಾತ್ರೆ ಬಿಡುತ್ತಾರೆ, ಮತ್ತೆ ಕಾಯಿಲೆ ಮರುಕಳಿಸಿ ವಾಪಸ್ ಬರುತ್ತಾರೆ. ಮನೆಗೇ ಹೋಗಿ ನೋಡಿಕೊಂಡರೆ ಇದು ತಪ್ಪುತ್ತದೆಯೇ? ನೂರಿಪ್ಪತ್ತು ಜನರನ್ನು ತೆಗೆದುಕೊಂಡು ಮುಚ್ಚಿದ ಲಕೋಟೆಯಲ್ಲಿ ಚೀಟಿ ಎತ್ತಿಸಿದೆವು. ಚೀಟಿ ಗೆದ್ದ ಅರವತ್ತು ಜನರ ಮನೆಗೆ ತರಬೇತಾದ ನರ್ಸು ವಾರಕ್ಕೊಮ್ಮೆ ಹೋಗಿ ಮಾತ್ರೆ ಎಣಿಸಿ, ಮನೆಯವರಿಗೆ ಪಾಠ ಹೇಳಿ ಬರುವುದು. ಸೋತ ಅರವತ್ತು ಜನರಿಗೆ ಎಂದಿನಂತೆ ಹಳ್ಳಿಯ ಕಂಪೌಂಡರ್ ಕೊಡುವ ಮಾತ್ರೆ ಅಷ್ಟೆ. ಅವರ ಮನೆಗೆ ತಿಂಗಳಿಗೊಮ್ಮೆ ಒಬ್ಬರು ಹೋಗಿ ಮೂವತ್ತು ಪ್ರಶ್ನೆ ಕೇಳಿ, ಉತ್ತರ ಬರೆದುಕೊಂಡು, ಇಪ್ಪತ್ತು ನಿಮಿಷದಲ್ಲಿ ಎದ್ದು ಬರಬೇಕು. ಬುದ್ಧಿ ಹೇಳಬಾರದು, ಕೂತು ಹರಟಬಾರದು. ವರ್ಷದ ಕೊನೆಗೆ ಯಾವ ಗುಂಪಿನಲ್ಲಿ ಎಷ್ಟು ಜನ ಆಸ್ಪತ್ರೆಗೆ ಮರಳಿದರು ಎಂದು ಎಣಿಸಿದರೆ ಉತ್ತರ ಸಿಕ್ಕಿತು. ಗೆದ್ದವರು ಕಡಿಮೆ ಮರಳಿದರೆ, ಈ ಮನೆಭೇಟಿ ಮುಂದೆ ಎಲ್ಲರಿಗೂ ಸಿಗುತ್ತದೆ. ವ್ಯತ್ಯಾಸ ಕಾಣದಿದ್ದರೆ ವಸಂತ ಬರುತ್ತಿದ್ದಂತೆ ಎಲ್ಲವೂ ನಿಲ್ಲುತ್ತದೆ, ನೂರಿಪ್ಪತ್ತು ಮನೆಗೂ.

ಸೋತವರ ಮನೆಗಳಿಗೆ ಹೋಗಲು ಬುರುಲ್ಚಾ ಎಜೆಯನ್ನು ಆರಿಸಿದವರು ನಮ್ಮ ಹಿರಿಯ ವೈದ್ಯ ಎಸೆನ್‌ಕುಲ್. ಎಜೆ ಮೂವತ್ತು ವರ್ಷ ನಮ್ಮ ವಾರ್ಡಿನ ಆಯಾ ಆಗಿದ್ದವರು. ದಾರಿ ಗೊತ್ತು, ನಾಯಿಗಳ ಹೆಸರು ಗೊತ್ತು, ಹಿಮದಲ್ಲಿ ಜೀಪು ಹೂತರೆ ಕುದುರೆ ಕೊಡುವವರು ಯಾರು ಎಂದೂ ಗೊತ್ತು. "ಓದಿದವಳಲ್ಲ, ಹಾಗಾಗಿ ಚಿಕಿತ್ಸೆ ಮಾಡುವ ಅಪಾಯವಿಲ್ಲ" ಎಂದು ಎಸೆನ್‌ಕುಲ್ ನನ್ನೆದುರಿಗೇ ಹೇಳಿದ್ದರು. ಅವರು ಮಾತಾಡುವಾಗ ಕೈಯಲ್ಲಿ ಒಂದು ಉದ್ದನೆಯ ಕೋಲು ಹಿಡಿದಿರುತ್ತಾರೆ. ಗೋಡೆಯಲ್ಲಿ ತೋರಿಸಲು ಏನೂ ಇಲ್ಲದಿದ್ದರೂ ಹಿಡಿದಿರುತ್ತಾರೆ.

ವರ್ಷ ಮುಗಿಯಿತು. ಎಣಿಸಿದೆ. ಚೀಟಿ ಗೆದ್ದವರಲ್ಲಿ ಆಸ್ಪತ್ರೆಗೆ ಮರಳಿದವರು ಒಂಬತ್ತು. ಸೋತವರಲ್ಲಿ ಹತ್ತು.

"ಇನ್ನೊಂದ್ಸಲ ಕೂಡು" ಎಂದರು ಎಸೆನ್‌ಕುಲ್.

"ಮೂರು ಸಲ ಕೂಡಿದೆ ಡಾಕ್ಟ್ರೇ."

"ಕಂಪ್ಯೂಟರ್ ತಪ್ಪಿರಬೇಕು."

"ಬೆರಳಲ್ಲೂ ಎಣಿಸಿದೆ. ಒಂಬತ್ತು, ಹತ್ತು. ಬೆರಳು ಸಾಕಾಯ್ತು."

ಇನ್ನು ಎರಡೇ ವಾರಕ್ಕೆ ರಾಜಧಾನಿಯಿಂದ ಸಮಿತಿ ಬರುವುದಿತ್ತು. ಎಸೆನ್‌ಕುಲ್ ಕೋಲನ್ನು ಕಿಟಕಿಯತ್ತ ಚಾಚಿ, "ಸೋತವರು ಯಾಕೆ ಚೆನ್ನಾಗಿದ್ದಾರೆ, ಹೋಗಿ ನೋಡ್ಕೊಂಡು ಬಾ" ಎಂದರು. ಜನ ಚೆನ್ನಾಗಿರುವುದಕ್ಕೆ ಇಷ್ಟು ಕೋಪಗೊಂಡ ವೈದ್ಯರನ್ನು ನಾನು ಮತ್ತೆ ನೋಡಿಲ್ಲ. ನಿಜ ಹೇಳಬೇಕೆಂದರೆ ನನಗೂ ಕೋಪ ಬಂದಿತ್ತು. ನನ್ನ ಪ್ರಬಂಧದ ಮೊದಲ ವಾಕ್ಯವನ್ನು ಅಷ್ಟರಲ್ಲಾಗಲೇ ಬರೆದುಬಿಟ್ಟಿದ್ದೆ.

ಮಾರನೆಯ ದಿನ ಬೆಳಗ್ಗೆ ಎಜೆಯ ಜೊತೆ ಜೀಪಿನಲ್ಲಿ ಹೊರಟೆ. ಎಜೆಯ ಮಡಿಲಲ್ಲಿ ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಒಂದು ಬಾಟಲಿ ಜಾಮು.

"ಇದೇನು ಎಜೆ?"

"ಬರೀ ಕೈಯಲ್ಲಿ ಹೋಗೋಕಾಗುತ್ತಾ?"

ನಾನು ಮನಸ್ಸಿನಲ್ಲೇ ಹದಿನಾಲ್ಕನೆಯ ನಿಯಮವನ್ನು ಓದಿಕೊಂಡೆ.

ಮೊದಲ ಮನೆ ಕುಬಾತನದು. ಮೂವತ್ತನಾಲ್ಕರ ಈತ ಕುದುರೆಯ ಜೀನು ಹೊಲಿಯುವವನು. ಸೈನ್ಯದಲ್ಲಿದ್ದಾಗ ಕಾಯಿಲೆ ಶುರುವಾಗಿ ಮೂರು ಸಲ ನಮ್ಮಲ್ಲಿ ಇದ್ದು ಹೋದವನು. ಚೀಟಿ ಸೋತ ದಿನ ಅವನ ತಾಯಿ ಖಾಲಿ ಲಕೋಟೆ ಹಿಡಿದುಕೊಂಡು ಅತ್ತಿದ್ದನ್ನು ನಾನು ಕಂಡಿದ್ದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ನೆಲದ ಮೇಲೆ ಬಟ್ಟೆ ಹಾಸಿದರು. ರೊಟ್ಟಿ ಮುರಿದರು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್ ಸುರಿದರು, ಕೆನೆ ಬಂತು. ನಾನು ಗಡಿಯಾರ ನೋಡಿದೆ. ಎಜೆ ಫಾರಂ ತೆಗೆದು ಓದತೊಡಗಿದರು.

"ಬೇರೆಯವರಿಗೆ ಕೇಳಿಸದ ದನಿ ನಿನಗೆ ಕೇಳಿಸುತ್ತಾ?"

"ಇಲ್ಲ" ಎಂದ ಕುಬಾತ್. "ನಮ್ಮ ಅತ್ತಿಗೆ ದನಿ ಎಲ್ರಿಗೂ ಕೇಳ್ಸುತ್ತೆ."

"ಕೇಳ್ಸುತ್ತೆ, ಕೇಳ್ಸುತ್ತೆ! ನಾನು ಬಾಯಿ ಮುಚ್ಕೊಂಡ್ರೆ ಈ ಮನೇಲಿ ಕುರಿಗೂ ಮೇವು ಬೀಳಲ್ಲ!" ಎಂದು ಒಳಗಿನಿಂದ ಅತ್ತಿಗೆ ಕೂಗಿದಳು.

"ಯಾರಾದ್ರೂ ನಿನ್ನ ಹಿಂದೆ ಬಿದ್ದಿದಾರೆ ಅನ್ಸುತ್ತಾ?"

"ನೀವೇ ಬಿದ್ದಿದ್ದೀರಲ್ಲ ಎಜೆ, ತಿಂಗಳು ತಿಂಗಳೂ."

ಮೂವತ್ತು ಪ್ರಶ್ನೆಗಳೂ ಹೀಗೇ ಮುಗಿದವು, ಹದಿನೆಂಟು ನಿಮಿಷ. ನಾನು ಎದ್ದೆ. ಎಜೆ ಏಳಲಿಲ್ಲ. "ಕುಬಾತ್, ಚಹಾ ಹಾಕು" ಎಂದರು.

"ಎಜೆ" ಎಂದು ಪಿಸುಗುಟ್ಟಿದೆ, "ನಿಯಮದಲ್ಲಿ ಚಹಾ ಇಲ್ಲ."

"ಆ ನಿಯಮ ಬರೆದವನಿಗೆ ತಾಯಿ ಇರ್ಲಿಲ್ವಾ?"

"ಬರೆದವನು ನಾನು."

"ನಿಮ್ಮಮ್ಮ ಸಿಗ್ಲಿ, ಹೇಳ್ತೀನಿ" ಎಂದು ನನ್ನ ಕೋಟಿನ ತುದಿ ಹಿಡಿದು ಕೂರಿಸಿದರು. "ರೊಟ್ಟಿ ಮುಟ್ಟದೆ ಮನೆಯಿಂದ ಎದ್ದು ಹೋಗೋಕೆ ನಾನೇನು ಪೊಲೀಸಾ?"

ಕುಬಾತ್ ಕೆಟಲು ಎತ್ತಿ ಎಜೆಯ ಬಟ್ಟಲಿಗೆ ಅರ್ಧ, ನನ್ನ ಬಟ್ಟಲಿಗೆ ಅರ್ಧ ಸುರಿದ. ನಮ್ಮಲ್ಲಿ ಹಾಗೇ ಸುರಿಯುವುದು. ಅರ್ಧ ಕೊಟ್ಟರೆ ಇನ್ನೂ ಕೂತಿರಿ, ಮತ್ತೆ ಮತ್ತೆ ಬಡಿಸುತ್ತೇವೆ ಎಂದು. ಅಂಚಿನವರೆಗೆ ತುಂಬಿಸಿ ಕೊಟ್ಟರೆ ಕುಡಿದು ಎದ್ದೇಳಿ ಎಂದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೈಗೆ ತಾನಾಗಿ ಬಂದಿರುತ್ತದೆ. ಎಜೆ ಬಟ್ಟಲನ್ನು ನೋಡಿದರು, ಆಮೇಲೆ ಅವನ ಕೈ ನೋಡಿದರು. ಫಾರಂ ತಿರುಗಿಸಿ ಬಲಮೂಲೆಯಲ್ಲಿ ಪುಟ್ಟ ಬಟ್ಟಲು ಬರೆದು ನಡುವೆ ಗೆರೆ ಎಳೆದರು. ನಾನು ಕೊಟ್ಟ ಚಹಾಪುಡಿ ಪೊಟ್ಟಣ ನನ್ನ ಕಣ್ಣೆದುರು ಬಂತು.

ಆ ಮನೆಯಿಂದ ಹೊರಬೀಳುವಷ್ಟರಲ್ಲಿ ಎರಡೂವರೆ ಗಂಟೆಯಾಗಿತ್ತು. ಜೀಪು ಹತ್ತಿದ ಮೇಲೆ, ಫಾರಂನಲ್ಲಿ ಈ ಬಟ್ಟಲು ಏಕೆ ಎಂದು ಕೇಳಿದೆ.

"ಪ್ರಶ್ನೆಗೆ ಎಲ್ರೂ ಇಲ್ಲ ಅಂತಾನೇ ಅಂತಾರೆ ತಮ್ಮಾ" ಎಂದರು ಎಜೆ. "ಹೌದು ಅಂದ್ರೆ ಮತ್ತೆ ವಾರ್ಡಿಗೆ ಒಯ್ತೀರಿ ಅಂತ ಅವ್ರಿಗೆ ಗೊತ್ತಿಲ್ವಾ? ಬಾಯಿ ಸುಳ್ಳು ಹೇಳುತ್ತೆ. ಕೈ ಹೇಳಲ್ಲ. ಚೆನ್ನಾಗಿರೋನು ಯೋಚ್ನೆ ಮಾಡ್ದೇ ಅರ್ಧ ಹಾಕ್ತಾನೆ. ಕಾಯಿಲೆ ಬಾಗಿಲಿಗೆ ಬಂದಿದ್ರೆ ಅಳತೆ ಮರೆತುಹೋಗುತ್ತೆ, ತುಳುಕೋ ಹಾಗೆ ಸುರೀತಾನೆ. ಕೈ ನಡುಗಿ ಚೆಲ್ಲಿದ್ರೆ ಮಾತ್ರೆ ಜಾಸ್ತಿ ಆಗಿದೆ. ಕೆಟಲನ್ನೇ ಮುಟ್ಟದೆ ಕೂತ್ರೆ, ಇನ್ನು ಎರಡು ವಾರ."

"ಎರಡು ವಾರಕ್ಕೆ ಏನು?"

"ನಿಮ್ಮ ರಿಜಿಸ್ಟ್ರಿಗೆ ಬರ್ತಾನೆ."

ಏಳನೆಯ ತಿಂಗಳಲ್ಲಿ ಕುಬಾತ್ ತುಂಬು ಬಟ್ಟಲು ಕೊಟ್ಟಿದ್ದನಂತೆ. ಎಜೆ ಕುಡಿದು ಇನ್ನೊಂದು ಕೇಳಿದರು. ಅದೂ ತುಂಬು. "ಎದ್ದೇಳು ಅಂತಿದೀಯೇನೋ?" ಎಂದಾಗ ಅವನು ಬಟ್ಟಲನ್ನೇ ದಿಟ್ಟಿಸುತ್ತಾ, "ಇಲ್ಲ ಎಜೆ, ಎಷ್ಟು ಹಾಕ್ಬೇಕು ಅನ್ನೋದು ಜ್ಞಾಪಕ ಬರ್ತಿಲ್ಲ" ಎಂದ. ಎಜೆ ಅಂದು ಸಂಜೆಯವರೆಗೂ ಅಲ್ಲೇ ಕೂತರು. ಮೂರನೆಯ ಕೆಟಲಿನ ಹೊತ್ತಿಗೆ ಅವನೇ ಎದ್ದು ಹೋಗಿ ಒಂದು ಹಳೆ ಜೀನು ತಂದು ಅದರ ಹೊಲಿಗೆ ಬಿಚ್ಚಿದ. ಉಣ್ಣೆಯ ನಡುವೆ ಐದು ವಾರದ ಮಾತ್ರೆ. ನುಂಗಿದರೆ ಕೈ ನಡುಗಿ ಸೂಜಿ ಹಿಡಿಯಲಾಗದು, ಸೂಜಿ ಹಿಡಿಯದಿದ್ದರೆ ತಾನು ಮನುಷ್ಯನೇ ಅಲ್ಲ ಎಂದನಂತೆ. ಎಜೆ ಕಂಪೌಂಡರನ್ನು ಆ ಮನೆಗೇ ಎಳೆತಂದರು. ಆತ ಊರ ಕಡೆಯ ವೈದ್ಯರನ್ನು ಕೇಳಿ ಮಾತ್ರೆಯ ಪ್ರಮಾಣ ಬದಲಿಸಿದ. ಮುಂದಿನ ತಿಂಗಳು ಬಟ್ಟಲು ಮುಕ್ಕಾಲಿಗೆ ಇಳಿದಿತ್ತು. ಅದರ ಮುಂದಿನ ತಿಂಗಳು ಅರ್ಧಕ್ಕೆ.

"ಇದನ್ನೆಲ್ಲ ನನಗೆ ಹೇಳ್ಲೇ ಇಲ್ವಲ್ಲ ಎಜೆ!"

"ನಿನ್ನ ಫಾರಂನಲ್ಲಿ ಕೇಳೇ ಇಲ್ವಲ್ಲ ತಮ್ಮಾ."

ಈ ವಿದ್ಯೆ ಎಲ್ಲಿಂದ ಬಂತು ಎಂದು ಕೇಳಿದೆ. ಅವರಿಗೆ ಸಾಯ್ಕಲ್ ಎಂಬ ಅಕ್ಕ. ಮದುವೆಯಾದ ಮೂರನೆಯ ವರ್ಷ ಸಾಯ್ಕಲ್, ಮನೆಗೆ ಬಂದ ಮಾವನ ಅಣ್ಣನಿಗೆ ಬಟ್ಟಲು ತುಂಬ ಚಹಾ ಸುರಿದುಕೊಟ್ಟಳು, ಅದೂ ಊರ ಹಿರಿಯರ ಎದುರಿಗೆ. ಆತ ಬಟ್ಟಲು ಮುಟ್ಟದೆ ಎದ್ದು ಹೋದ. ಎರಡೂ ಮನೆಗಳ ನಡುವೆ ಜಗಳವೆದ್ದು, ಕುರಿ ಕಡಿದು ಕ್ಷಮೆ ಕೇಳಿದ್ದಾಯಿತು. ಸಾಯ್ಕಲ್ ಸೊಕ್ಕಿನವಳು ಎಂದು ಎಲ್ಲರೂ ತೀರ್ಮಾನಿಸಿದರು. ಅವಳಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಮಾತ್ರ ಒಬ್ಬರಿಗೂ ತೋಚಲಿಲ್ಲ. ಒಂದು ತಿಂಗಳಲ್ಲಿ ಅವಳು ಹಿಮದಲ್ಲಿ ಬರಿಗಾಲಲ್ಲಿ ಸಿಕ್ಕಳು. ಆಮೇಲೆ ಒಂಬತ್ತು ವರ್ಷ ನಮ್ಮ ವಾರ್ಡಿನಲ್ಲೇ. ಇಪ್ಪತ್ತೆರಡರ ಬುರುಲ್ಚಾ ಅಕ್ಕನ ಹತ್ತಿರ ಇರಲೆಂದೇ ಆಯಾ ಕೆಲಸಕ್ಕೆ ಸೇರಿದ್ದು.

"ಒಂಬತ್ತನೇ ವರ್ಷ ಹೊಸ ಮಾತ್ರೆ ಬಂತು" ಎಂದರು ಎಜೆ. "ನಾಟುತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡ್ಬೇಕು, ವಾರವಾರ ರಕ್ತ ಕೊಡ್ಬೇಕು ಅಂದ್ರು. ಹದಿನೆಂಟು ಜನ ಒಪ್ಪಿದ್ರು. ಅಕ್ಕನೂ ಒಬ್ಳು. ಕೆಲವ್ರಿಗೆ ಏನೂ ಆಗ್ಲಿಲ್ಲ, ಪಾಪ, ಸುಮ್ನೆ ಸೂಜಿ ಚುಚ್ಚಿಸ್ಕೊಂಡ್ರು. ಆದ್ರೆ ಅವ್ರು ಚುಚ್ಚಿಸ್ಕೊಂಡಿದ್ರಿಂದ್ಲೇ ಅಲ್ವಾ, ಎಷ್ಟು ಕೊಡ್ಬೇಕು ಅಂತ ಗೊತ್ತಾಗಿದ್ದು? ಅವ್ರ ಹೆಸ್ರೆಲ್ಲ ನಂಗೆ ಬಾಯಿಪಾಠ. ಶುಕ್ರವಾರ ರೊಟ್ಟಿ ಸುಡೋವಾಗ ಹೇಳ್ಕೋತೀನಿ. ನಾಲ್ಕು ತಿಂಗಳಾದ್ಮೇಲೆ ಒಂದು ಮಧ್ಯಾಹ್ನ ನಾನು ವಾರ್ಡಲ್ಲಿ ನೆಲ ಒರೆಸ್ತಿದ್ದೆ. ಅಕ್ಕ ಕೆಟಲು ಎತ್ತಿ ನಂಗೆ ಚಹಾ ಹಾಕಿದ್ಲು. ಅರ್ಧ. ನಾನು ಬಕೆಟ್ ಪಕ್ಕದಲ್ಲೇ ಕೂತ್ಕೊಂಡು ಅತ್ತೆ. 'ಯಾಕೇ ಅಳ್ತೀಯಾ, ಸಕ್ಕರೆ ಸಾಲ್ದಾ?' ಅಂದ್ಲು."

ಸಾಯ್ಕಲ್ ಈಗ ಎಜೆಯ ಮನೆಯಲ್ಲೇ ಇದ್ದಾರೆ. ಅರವತ್ತು ದಾಟಿದೆ. ಮಾತ್ರೆ ಒಂದು ದಿನ ತಪ್ಪಿಲ್ಲ.

ಆಸ್ಪತ್ರೆಗೆ ಮರಳಿ ನಾನು ಸುಮಾರು ಏಳುನೂರು ಫಾರಂಗಳನ್ನು ಮತ್ತೆ ಬಿಚ್ಚಿದೆ. ಈ ಸಲ ಮೂವತ್ತು ಪ್ರಶ್ನೆ ಬಿಟ್ಟು ಬಲಮೂಲೆ ಮಾತ್ರ ನೋಡಿದೆ. ಮರಳಿ ಬಂದ ಹತ್ತು ಜನರಲ್ಲಿ ಎಂಟು ಜನರ ಕೊನೆಯ ಬಟ್ಟಲು ತುಂಬಿತ್ತು ಅಥವಾ ಖಾಲಿ ಇತ್ತು. ಇನ್ನೂ ಹದಿನಾಲ್ಕು ಜನರದ್ದು ನಡುವೆ ಒಮ್ಮೆ ತುಂಬಿ, ಆಮೇಲೆ ಅರ್ಧಕ್ಕೆ ಇಳಿದಿತ್ತು; ಅವರು ಬರಲೇ ಇಲ್ಲ. ಆ ಹದಿನಾಲ್ಕೂ ಮನೆಗೆ ಎಜೆ ಕಂಪೌಂಡರನ್ನು ಕರೆದೊಯ್ದಿದ್ದರು. ನನ್ನ ಮೂವತ್ತು ಪ್ರಶ್ನೆಗಳಿಗೆ ಆ ಹದಿನಾಲ್ಕು ಜನರೂ ಎಲ್ಲ ತಿಂಗಳೂ 'ಇಲ್ಲ' ಎಂದೇ ಹೇಳಿದ್ದರು.

ಎಸೆನ್‌ಕುಲ್ ಕೇಳಿ ಕೋಲನ್ನು ಮೇಜಿನ ಮೇಲಿಟ್ಟರು. ಅವರು ಕೋಲು ಕೆಳಗಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಾಗಾದ್ರೆ ಸೋತವರಿಗೂ ಚಿಕಿತ್ಸೆ ಸಿಕ್ಕಿದೆ. ನಮ್ಮ ಪ್ರಯೋಗ ಕೆಟ್ಟಿತು."

"ಕೆಟ್ಟಿತು ಡಾಕ್ಟ್ರೇ."

"ಆ ಮುದುಕಿ ನಿಯಮ ಮುರಿದ್ಲು ಅಂತ ಬರಿ. ಕೆಲಸದಿಂದ ತೆಗೆದಿದೀವಿ ಅಂತ್ಲೂ ಬರಿ. ಮೂಲೆ ಚಿತ್ರ ಅಳಿಸ್ಬಿಡು, ಪೆನ್ಸಿಲ್ ತಾನೆ."

ಇಲ್ಲಿ ನಾನು ಮೇಜು ಗುದ್ದಿ ಎದುರಾಡಿದೆ ಎಂದು ಬರೆಯಲು ಆಸೆ. ಆದರೆ ನಾನು "ನೋಡ್ತೀನಿ" ಎಂದು ಹೇಳಿ ನನ್ನ ಬೆಚ್ಚಗಿನ ಕೋಣೆಗೆ ಹೋದೆ. ಅಳಿಸುವ ರಬ್ಬರನ್ನು ಕೈಗೆ ತೆಗೆದುಕೊಂಡೆ. ಕುಬಾತನ ಏಳನೆಯ ತಿಂಗಳ ಫಾರಂ ಮೇಲೇ ಇತ್ತು. ತುಂಬಿದ ಬಟ್ಟಲಿನ ಪಕ್ಕದಲ್ಲಿ ಎಜೆ ಇನ್ನೂ ಒಂದು ಬಟ್ಟಲು ಬರೆದಿದ್ದರು, ಅದರ ಪಕ್ಕ ಮತ್ತೊಂದು. ಅಂದು ಸಂಜೆಯವರೆಗೆ ಕುಡಿದ ಹನ್ನೊಂದು ಬಟ್ಟಲೂ ಸಾಲಾಗಿ ಅಂಚಿನುದ್ದಕ್ಕೆ. ಹನ್ನೊಂದನ್ನು ಅಳಿಸುವಷ್ಟು ಉತ್ಸಾಹ ನನಗಿರಲಿಲ್ಲ. ಸೋಮಾರಿತನಕ್ಕೂ ಒಂದು ಪುಣ್ಯ ಇರುತ್ತದೆಯಾದರೆ ಅದು ನನಗೆ ಸಿಕ್ಕಿರಬೇಕು. ಎಲ್ಲವನ್ನೂ ಇದ್ದ ಹಾಗೇ ಕಟ್ಟಿ ಸಮಿತಿಯ ಮೇಜಿನ ಮೇಲಿಟ್ಟೆ.

ಸಮಿತಿಯ ಮುಖ್ಯಸ್ಥೆ ಡಾಕ್ಟರ್ ಉಮ್‌ಸುನಾಯ್. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಓದುವ, ಕಡಿಮೆ ಮಾತಿನ ಹೆಂಗಸು. ಎಸೆನ್‌ಕುಲ್ ಮುಕ್ಕಾಲು ಗಂಟೆ ತಮ್ಮ ವಿಧಾನದ ಬಗ್ಗೆ ಮಾತಾಡಿ, ಕೊನೆಗೆ "ಒಬ್ಬ ಅವಿದ್ಯಾವಂತ ಕೆಲಸದವಳ ತಪ್ಪಿನಿಂದ..." ಎಂದು ಶುರುಮಾಡಿದಾಗ ಬಾಗಿಲು ತೆರೆಯಿತು. ಬುರುಲ್ಚಾ ಎಜೆ ಕೆಟಲು ಹಿಡಿದು ಒಳಗೆ ಬಂದರು. ಸಭೆಗೆ ಚಹಾ ಕೊಡುವುದು ಮೂವತ್ತು ವರ್ಷಗಳಿಂದಲೂ ಅವರೇ.

ಉಮ್‌ಸುನಾಯ್ ಅವರಿಗೆ ಅರ್ಧ ಬಟ್ಟಲು. ಸಮಿತಿಯ ಇನ್ನಿಬ್ಬರಿಗೂ ಅರ್ಧ. ನನಗೂ ಅರ್ಧ, ನನ್ನ ಕಣ್ಣು ತುಂಬಿತು. ಎಸೆನ್‌ಕುಲ್ ಅವರ ಹತ್ತಿರ ಬಂದು ಎಜೆ ಸುರಿದರು, ಸುರಿದರು, ಇನ್ನೊಂದು ಹನಿ ಬಿದ್ದರೆ ಮೇಜಿಗೆ ಹರಿಯುವಷ್ಟು ಸುರಿದು, ಎರಡೂ ಕೈಯಲ್ಲಿ ಮರ್ಯಾದೆಯಿಂದ ಮುಂದಿಟ್ಟರು.

ಆ ಬಟ್ಟಲಿನ ಅರ್ಥ ತಿಳಿಯದವರು ಅಲ್ಲಿ ಯಾರೂ ಇರಲಿಲ್ಲ. ಉಮ್‌ಸುನಾಯ್ ಕನ್ನಡಕ ಕೆಳಗಿಳಿಸಿ ಬಟ್ಟಲನ್ನು ನೋಡಿದರು, ಮುಂದಿದ್ದ ಫಾರಂನ ಮೂಲೆ ನೋಡಿದರು, ಮತ್ತೆ ಬಟ್ಟಲು ನೋಡಿದರು. ಆಮೇಲೆ ನಗತೊಡಗಿದವರು ನಿಲ್ಲಿಸಲೇ ಇಲ್ಲ.

"ಎಜೆ, ಇದು ಹುಷಾರಿಲ್ಲ ಅಂತ್ಲೋ, ಎದ್ದೇಳು ಅಂತ್ಲೋ?"

"ಡಾಕ್ಟ್ರು ಹುಷಾರಾಗೇ ಇದಾರೆ" ಎಂದರು ಎಜೆ. ಎಸೆನ್‌ಕುಲ್ ಆ ಬಟ್ಟಲನ್ನು ತುಳುಕಿಸದೆ ಎತ್ತಲು ಪ್ರಯತ್ನಿಸಿ, ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಸಮಿತಿಯವರು ಎಜೆಯನ್ನು ಕೂರಿಸಿ ಒಂದು ಗಂಟೆ ಕೇಳಿದರು. ಅಧ್ಯಯನ ಶುರುವಾಗುವ ಹಿಂದಿನ ವರ್ಷದ ರಿಜಿಸ್ಟರು ತರಿಸಿದರು. ಆ ವರ್ಷ, ಯಾರೂ ಮನೆಗೆ ಹೋಗದಿದ್ದಾಗ, ಬಿಡುಗಡೆಯಾದ ಪ್ರತಿ ಅರವತ್ತರಲ್ಲಿ ಮೂವತ್ತೊಂದು ಜನ ಮರಳಿದ್ದರು. "ಇದರಿಂದ ಏನೂ ಸಾಬೀತಾಗಲ್ಲ" ಎಂದು ಉಮ್‌ಸುನಾಯ್ ನನ್ನನ್ನು ನೋಡಿ ಹೇಳಿದರು, "ಆದರೆ ನಿಲ್ಲಿಸೋಕೂ ಆಗಲ್ಲ." ಮನೆಭೇಟಿ ಇನ್ನೂ ಎರಡು ವರ್ಷ, ನೂರಿಪ್ಪತ್ತು ಮನೆಗೂ, ಚೀಟಿ ಇಲ್ಲದೆ. ಬಟ್ಟಲು ನಿಜವಾಗಿಯೂ ಕಾಯಿಲೆಯನ್ನು ಮುಂಚೆ ಹೇಳುತ್ತದೆಯೇ ಎಂಬುದನ್ನು ಈ ಸಲ ಸರಿಯಾಗಿ ಪರೀಕ್ಷಿಸಬೇಕು. ನರ್ಸುಗಳಿಗೆ ಬಟ್ಟಲು ನೋಡುವುದನ್ನು ಎಜೆಯೇ ಕಲಿಸಬೇಕು.

ಹದಿನಾಲ್ಕನೆಯ ನಿಯಮವನ್ನು ನಾನೇ ತಿದ್ದಿ ಬರೆದೆ: 'ಭೇಟಿಗೆ ಹೋದವರು ಚಹಾ ಕುಡಿಯತಕ್ಕದ್ದು. ಚಹಾವನ್ನು ರೋಗಿಯೇ ಸುರಿಯತಕ್ಕದ್ದು.' ನನ್ನ ಜೀವಮಾನದಲ್ಲಿ ಒಂದಕ್ಷರವೂ ಉಲ್ಲಂಘನೆಯಾಗದೆ ಪಾಲನೆಯಾದ ನಿಯಮ ಅದೊಂದೇ. ಎಸೆನ್‌ಕುಲ್ ಇದಕ್ಕೆ 'ಎಸೆನ್‌ಕುಲ್ ಮಾಪಕ' ಎಂದು ಹೆಸರಿಡಬಹುದೆಂದು ಸೂಚಿಸಿದರು. ಎಜೆಗೆ ಹೇಳಿದಾಗ, "ಇಟ್ಕೊಳ್ಲಿ ಬಿಡು, ಅವ್ರಿಗೂ ಏನಾದ್ರೂ ಬೇಕಲ್ಲ" ಎಂದರು.

ಈಗ ಹತ್ತು ವರ್ಷವಾಯಿತು. ಕುಬಾತ್ ಹೊಲಿದುಕೊಟ್ಟ ಚರ್ಮದ ಚೀಲದಲ್ಲಿ ನಾನು ಫಾರಂ ಇಟ್ಟುಕೊಳ್ಳುತ್ತೇನೆ. ಅವನು ಆಮೇಲೆ ಒಮ್ಮೆಯೂ ವಾರ್ಡಿಗೆ ಬಂದಿಲ್ಲ. ನನ್ನ ಪ್ರಬಂಧ ತಿರಸ್ಕೃತವಾಗಿ, ಅದರ ಜಾಗದಲ್ಲಿ ಬಟ್ಟಲಿನ ಪ್ರಬಂಧ ಬಂತು. ಅದರ ಕೊನೆಯ ಪುಟದಲ್ಲಿ ನಾನು ಕೃತಜ್ಞತೆ ಹೇಳಿರುವ ಹದಿನೆಂಟು ಹೆಸರುಗಳು ಯಾರವೆಂದು ಓದಿದವರೆಲ್ಲ ಕೇಳುತ್ತಾರೆ. ಎಜೆ ಒಂದು ಶುಕ್ರವಾರ ರೊಟ್ಟಿ ಸುಡುತ್ತಾ ಹೇಳಿ ಬರೆಸಿದ್ದು.

ಸಮಿತಿ ಹೊರಟುಹೋದ ಆ ಸಂಜೆ ನಾನು ಎಜೆಯ ಮನೆಯವರೆಗೆ ಜೊತೆಗೆ ನಡೆದು ಹೋಗಿದ್ದೆ. ಸಾಯ್ಕಲ್ ನನಗೆ ಅರ್ಧ ಬಟ್ಟಲು ಚಹಾ ಸುರಿದು, ತಮ್ಮ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ಎಷ್ಟಾದರೂ ಓದಿದವನು ನಾನು. ಪ್ರಬಂಧಕ್ಕೆ ಒಂದು ಕೊನೆಯ ವಾಕ್ಯ ಬೇಕಿತ್ತು. ಗಂಟಲು ಸರಿಮಾಡಿಕೊಂಡು ಕೇಳಿದೆ:

"ಎಜೆ, ಒಂದೇ ಮಾತಲ್ಲಿ ಹೇಳಿ. ಇವ್ರನ್ನೆಲ್ಲ ಉಳಿಸಿದ್ದು ಮಾತ್ರೆಯೋ, ಚಹಾನೋ?"

ಎಜೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನು ಮಾತ್ರೇನ ಒಣಗಂಟಲಲ್ಲಿ ನುಂಗ್ತೀಯೇನೋ?"